ಆಯುಧ ಆಮೇಲೆ, ಮೊದಲು ಕಲ್ಲು ಯಾವುದು ಹೇಳಿ

ದೀಪಾವಳಿ ರಜೆಯಲ್ಲಿ ನಾನು ಕ್ಲಾಸ್ ಗ್ರೂಪಿಗೆ ಹಾಕಿದ ಒಂದು ಫೋಟೋ ನಿಮ್ಮಲ್ಲಿ ಕೆಲವರಿಗೆ ನೆನಪಿರಬಹುದು. ರಾಜೇಶ್ವರದ ಹತ್ತಿರ ನಮ್ಮ ಕಾಕಾನ ಹೊಲದ ಬದುವಿನಲ್ಲಿ ಸಿಕ್ಕಿದ್ದ ಅಂಗೈಯಗಲದ ಕರಿಕಲ್ಲು ಅದು. ಒಂದು ಅಂಚು ಚೂಪು. ಮೇಲೆ ಚಿಪ್ಪಿನ ಆಕಾರದಲ್ಲಿ ಚಕ್ಕೆ ಎದ್ದ ಗುರುತು. 'ನಮ್ಮೂರಲ್ಲೂ ಆದಿಮಾನವ!' ಅಂತ ಬರೆದಿದ್ದೆ. 'ಫ್ಲಿಂಟ್ ಅಲ್ವಾ?' ಅಂತ ಒಬ್ಬ ಕೇಳಿದ, ನಾನು ಗೂಗಲ್ ಕೂಡ ಮಾಡದೆ 'ಹೌದು' ಅಂದೆ.

ಎರಡು ದಿನ ಬಿಟ್ಟು ಕಾಕಾ ಅದನ್ನ ಕೈಯಲ್ಲಿ ತಿರುಗಿಸಿ ನೋಡಿ ನಕ್ಕರು. "ಇದು ರೋಡಿಗೆ ತಂದ ಖಡಿ ಅದಲೋ. ಟಿಪ್ಪರಿನವ ಇಲ್ಲೇ ಬದುವಿನ ಮ್ಯಾಲ ಸುರುವಿ ಹೋಗಿದ್ದ."

ಖಡಿ ಮಷಿನ್ನಿನ ದವಡೆಗೆ ಸಿಕ್ಕ ಬಸಾಲ್ಟಿಗೂ, ಲಕ್ಷಾಂತರ ವರ್ಷದ ಹಿಂದೆ ಯಾರದೋ ಕೈಯ ಪೆಟ್ಟು ತಿಂದ ಬಸಾಲ್ಟಿಗೂ ಒಡೆಯುವ ನಿಯಮ ಒಂದೇ. ಕಣ ಸಣ್ಣಗಿದ್ದು ಎಲ್ಲ ದಿಕ್ಕಿಗೂ ಒಂದೇ ಸಮ ಇರುವ ಕಲ್ಲು ಗಾಜಿನ ಹಾಗೆ ಚಿಪ್ಪುಚಿಪ್ಪಾಗಿ ಏಳುತ್ತದೆ. ಹಾಗಾಗಿ ಆಕಾರ ನೋಡಿ ತೀರ್ಪು ಕೊಟ್ಟ ನಾನು ಮೋಸ ಹೋದೆ. ಕಲ್ಲನ್ನೇ ನೋಡಿದ್ದರೆ ಹೋಗುತ್ತಿರಲಿಲ್ಲ. ನಮ್ಮ ಹೊಲಗಳಲ್ಲಿ ಬಹುಕಾಲ ಬಿದ್ದ ಬಸಾಲ್ಟಿನ ಮೈಗೆ ಕಂದು ಸಿಪ್ಪೆ ಕಟ್ಟಿರುತ್ತದೆ. ನನ್ನ 'ಕೊಡಲಿ'ಯ ಮೈ ಪೂರ್ತಿ ಹೊಸ ಕಪ್ಪು.

ಅವತ್ತಿನಿಂದ ನನಗೊಂದು ಹಟ ಹಿಡಿದಿದೆ. ಯಾರೇ ಶಿಲಾಯುಗದ ಉಪಕರಣ ಅಂತ ಏನಾದರೂ ತೋರಿಸಿದರೆ, ಎಷ್ಟು ಹಳೇದು ಅಂತ ಕೇಳುವ ಮೊದಲು ಕಲ್ಲು ಯಾವುದು ಅಂತ ಕೇಳುತ್ತೇನೆ. ಹೆಚ್ಚಿನವರ ಉತ್ತರ 'ಚಕಮಕಿ ಕಲ್ಲು' ಇಲ್ಲವೇ 'ಫ್ಲಿಂಟ್'. ಫ್ಲಿಂಟ್ ಅನ್ನೋದು ಯುರೋಪಿನ ಸೀಮೆಸುಣ್ಣದ ಬಂಡೆಗಳಲ್ಲಿ ಗಂಟುಗಂಟಾಗಿ ಸಿಗುವ ಕಲ್ಲು. ಅಲ್ಲಿಯ ಪುಸ್ತಕದಿಂದ ಹೊರಟ ಹೆಸರು ನಮ್ಮ ಶಾಲೆಯ ಪಾಠಕ್ಕೂ ಬಂತು, ನಮ್ಮ ಬಾಯಿಗೂ ಬಂತು. ಕಲ್ಲು ಮಾತ್ರ ಬರಲಿಲ್ಲ.

ಹಾಗಾದರೆ ನಮ್ಮಲ್ಲಿ ಏನಿದೆ? ಬಸವಕಲ್ಯಾಣ, ಹುಮನಾಬಾದ್ ಕಡೆಯ ನೆಲ ಡೆಕ್ಕನ್ ಟ್ರ್ಯಾಪ್. ಸುಮಾರು 6.6 ಕೋಟಿ ವರ್ಷದ ಹಿಂದೆ ಪದರಪದರವಾಗಿ ಹರಿದು ಆರಿದ ಲಾವಾ. ಬಾವಿ ತೋಡುವವರಿಗೆ ಈ ಪದರ ನಮಗಿಂತ ಚೆನ್ನಾಗಿ ಗೊತ್ತು: ಮೇಲೆ ಕರಿಮಣ್ಣು, ಕೆಳಗೆ ಮುರುಮು, ಅದರ ಕೆಳಗೆ ಗಟ್ಟಿ ಕರಿಕಲ್ಲು. ಲಾವಾ ಆರುವಾಗ ಒಳಗೆ ಸಿಕ್ಕಿಬಿದ್ದ ಗಾಳಿಗುಳ್ಳೆಗಳಲ್ಲಿ ಮುಂದೆ ಸಿಲಿಕಾ ತುಂಬಿಕೊಂಡು ಕ್ಯಾಲ್ಸೆಡನಿ, ಅಗೇಟ್ ಆಗುತ್ತವೆ. ಬಸಾಲ್ಟ್ ಕರಗಿ ಮಣ್ಣಾದರೂ ಇವು ಕರಗುವುದಿಲ್ಲ. ಟ್ರ್ಯಾಪ್ ನೆಲದಲ್ಲಿ ಮಳೆ ಬಿದ್ದ ಮೇಲೆ ಹೊಲದಲ್ಲಿ ಮಿಂಚುವ ಬಿಳಿ, ಬೂದು, ಕೆಂಪು ಹರಳುಗಳು ಇವೇ. ಬೀದರ್ ಕಡೆಯ ಕೆಂಪು ಜಂಬಿಟ್ಟಿಗೆ ಕಲ್ಲು ಕೋಟೆಗೆ ಸರಿ. ತೂತುತೂತು ಮೈಯ ಅದರಿಂದ ಚೂಪು ಅಂಚಿನ ಚಕ್ಕೆ ಏಳುವುದಿಲ್ಲ.

ಇದೇ ಟ್ರ್ಯಾಪ್ ನೆಲದ ಮೇಲೇ ಇರುವ ಮಹಾರಾಷ್ಟ್ರದ ನೇವಾಸೆಯಲ್ಲಿ ಎಚ್.ಡಿ. ಸಾಂಕಳಿಯಾ 1954ರಿಂದ ಅಗೆದಾಗ ಏನು ಕಂಡಿತು ಗೊತ್ತಾ? ಹಳೆಯ ಹಂತದ ದೊಡ್ಡ ಕೈಗೊಡಲಿಗಳು ಟ್ರ್ಯಾಪ್ ಕಲ್ಲಿನವು. ನಂತರದ ಹಂತದ ಸಣ್ಣ ಉಪಕರಣಗಳು ಚರ್ಟ್, ಜಾಸ್ಪರ್, ಕ್ಯಾಲ್ಸೆಡನಿಯವು. ನೆಲ ಅದೇ, ಜನರ ಆಯ್ಕೆ ಬದಲಾಗಿದೆ. ಎಲ್ಲಕ್ಕೂ 'ಫ್ಲಿಂಟ್' ಅಂತ ಚೀಟಿ ಅಂಟಿಸಿದ್ದರೆ ಈ ಬದಲಾವಣೆ ಕಾಣುತ್ತಲೇ ಇರಲಿಲ್ಲ.

ಈಗ ರಾಜೇಶ್ವರದಿಂದ ದಕ್ಷಿಣಕ್ಕೆ ಬಸ್ಸು ಹತ್ತಿ. ಕಲಬುರಗಿ ದಾಟಿದ ಮೇಲೆ ಕರಿಕಲ್ಲು ಮುಗಿದು ಸುಣ್ಣದ ಕಲ್ಲು ಶುರು. ನಮ್ಮ ಮನೆಗಳಿಗೆ ಹಾಸಿದ ಶಹಾಬಾದ್ ಪರ್ಸಿ ಅಲ್ಲಿಯದೇ. ಇನ್ನೂ ಮುಂದೆ ಸುರಪುರ ಕಡೆ ಹೋದರೆ ಗ್ರಾನೈಟ್ ಗುಡ್ಡಗಳು. ಒಂದೇ ದಿನದ ಬಸ್ಸಿನಲ್ಲಿ ಮೂರು ಬೇರೆಬೇರೆ ನೆಲ.

ಆ ದಾರಿಯ ಕೊನೆಯಲ್ಲಿ, ಯಾದಗಿರಿ ಜಿಲ್ಲೆಯ ಹುಣಸಗಿ-ಬೈಚಬಾಳ ಕಣಿವೆಯಲ್ಲಿ, ಇಸಾಂಪುರ ಇದೆ. ಪುಣೆಯ ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯನವರು ಈ ಕಣಿವೆಯಲ್ಲಿ ದಶಕಗಟ್ಟಲೆ ತಿರುಗಾಡಿ ಇಸಾಂಪುರದಲ್ಲಿ ಬಯಲಿಗೆ ತಂದದ್ದು ಆದಿಮಾನವರ ಕಲ್ಲುಗಣಿ. ನೆಲದಲ್ಲೇ ಬಿರುಕುಬಿಟ್ಟು ಹಲಗೆಯಂತೆ ಏಳುತ್ತಿದ್ದ ಸುಣ್ಣದ ಕಲ್ಲನ್ನು ಮೀಟಿ ತೆಗೆದು, ಅಲ್ಲೇ ಕೂತು ಕೈಗೊಡಲಿ ಮಾಡಿದ್ದಾರೆ. ಅಲ್ಲಿ ಸಿಕ್ಕ ಪ್ರಾಣಿಗಳ ಹಲ್ಲಿನ ಕಾಲನಿರ್ಣಯ ಸುಮಾರು 12 ಲಕ್ಷ ವರ್ಷ ಅಂತ ಹೇಳುತ್ತದೆ.

ಆದರೆ ಸುಣ್ಣದ ಕಲ್ಲು ಮೆತ್ತಗಲ್ವಾ? ಮೋಸ್ ಮಾಪಕದಲ್ಲಿ ಕ್ಯಾಲ್ಸೈಟ್ 3. ಚಾಕುವಿನಲ್ಲೇ ಗೀರಬಹುದು. ಅದರಲ್ಲಿ ಕೊಡಲಿ ಯಾರು ಮಾಡ್ತಾರೆ? ಉತ್ತರ ಒಂದು ವಿಶೇಷಣದಲ್ಲಿದೆ: ಅದು ಸಿಲಿಕಾ ಹೀರಿ ಗಟ್ಟಿಯಾದ ಸುಣ್ಣದ ಕಲ್ಲು. ಆ ಜನ ಸುಣ್ಣದ ಕಲ್ಲಿನಲ್ಲೂ ಇಂಥದ್ದನ್ನೇ ಆರಿಸಿಕೊಂಡರು. ಒಡೆಯಲು ಬಳಸಿದ ಸುತ್ತಿಗೆ ಕಲ್ಲುಗಳು ಬೇರೆ ಜಾತಿ: ಬಸಾಲ್ಟ್, ಕ್ವಾರ್ಟ್ಜೈಟ್, ಚರ್ಟ್. ಯಾವ ಕೆಲಸಕ್ಕೆ ಯಾವ ಮಟೀರಿಯಲ್ ಅನ್ನೋದನ್ನ ನಾವು ಸೆಮಿಸ್ಟರ್‌ಗಟ್ಟಲೆ ಓದುತ್ತೇವೆ. ಅವರು ಅದನ್ನ ಮಾಡಿಯೇ ತೋರಿಸಿದ್ದಾರೆ. ಚೀಟಿಯಲ್ಲಿ ಬರೀ 'ಕಲ್ಲು' ಅಂತ ಬರೆದರೆ ಇಷ್ಟೂ ಕಳೆದುಹೋಗುತ್ತದೆ.

ದೂರವೂ ಕಳೆದುಹೋಗುತ್ತದೆ. ನಾಳೆ ರಾಜೇಶ್ವರದ ಕರಿಮಣ್ಣಿನಲ್ಲಿ ಒಂದು ಸುಣ್ಣದ ಕಲ್ಲಿನ ಉಪಕರಣ ಸಿಕ್ಕಿತು ಅಂದುಕೊಳ್ಳಿ. ಆ ಕಲ್ಲು ಅಲ್ಲಿ ಹುಟ್ಟಿದ್ದಲ್ಲ, ಯಾರೋ ಹೊತ್ತು ತಂದಿದ್ದಾರೆ. ಅದೇ ಜಾಗದಲ್ಲಿ ಕ್ಯಾಲ್ಸೆಡನಿಯದು ಸಿಕ್ಕರೆ ಪಕ್ಕದ ಹಳ್ಳದಿಂದಲೇ ಎತ್ತಿರಬಹುದು. ಎರಡು ಬೇರೆಬೇರೆ ಕಥೆ. ಯಾವುದು ಅಂತ ಹೇಳೋದು ಕಲ್ಲಿನ ಜಾತಿ.

ಇದಕ್ಕೆ ಪುರಾತತ್ವದವರೇ ಬೇಕು ಅನ್ನಬೇಡಿ. 1863ರ ಮೇ ತಿಂಗಳಲ್ಲಿ ಮದ್ರಾಸಿನ ಪಲ್ಲಾವರಂನಲ್ಲಿ ಈ ದೇಶದ ಹಳೆ ಶಿಲಾಯುಗದ ಉಪಕರಣವನ್ನು ಮೊದಲು ಗುರುತಿಸಿದ ರಾಬರ್ಟ್ ಬ್ರೂಸ್ ಫೂಟ್, ಭೂವಿಜ್ಞಾನ ಸರ್ವೇಕ್ಷಣೆಯ ನೌಕರ. ಕಲ್ಲು ನೋಡೋದೇ ಅವನ ಕೆಲಸವಾಗಿತ್ತು. ನಮ್ಮ ಸಿವಿಲ್ ಹುಡುಗರೂ ಜಿಯಾಲಜಿ ಲ್ಯಾಬಿನಲ್ಲಿ ಗಡಸುತನ, ಹೊಳಪು, ಆಸಿಡ್ ಹನಿ ಎಲ್ಲ ಮಾಡಿದ್ದಾರೆ. ಆದರೆ ನಾವು ಮುಟ್ಟಿದ ಮಾದರಿಗಳು ಯಾವುದೋ ಸಪ್ಲೈಯರಿನ ಡಬ್ಬಿಯಿಂದ ಬಂದವು. ನುಣ್ಣಗೆ, ತೊಳೆದು, ನಂಬರ್ ಬರೆದಿದ್ದವು. ವೈವಾ ಪಾಸಾಗಲು ಆ ನಂಬರ್ ನೆನಪಿದ್ದರೆ ಸಾಕು. ಕ್ಯಾಂಪಸ್ಸಿನ ಕಾಂಪೌಂಡಿಗೆ ಕಟ್ಟಿದ ಕಲ್ಲು ಯಾವುದು ಅಂತ ಕೇಳಿ ನೋಡಿ, ಸುಮ್ಮನಾಗುತ್ತಾರೆ.

ನಿಜವಾದ ತೊಡಕು ಇನ್ನೊಂದಿದೆ. ಲ್ಯಾಬಿನಲ್ಲಿ ಸಂಶಯ ಬಂದರೆ ಕಲ್ಲು ಒಡೆದು ಹೊಸ ಮೈ ನೋಡಬಹುದು, ಗೀರಬಹುದು, ಆಸಿಡ್ ಬಿಡಬಹುದು. ಉಪಕರಣವನ್ನು ಒಡೆಯೋ ಹಾಗಿಲ್ಲ, ಗೀರೋ ಹಾಗೂ ಇಲ್ಲ. ಹಳೆಯ ಸಿಪ್ಪೆ ಕಟ್ಟಿದ ಮೈ ನೋಡಿಯೇ ಒಳಗಿನ ಕಲ್ಲು ಹೇಳಬೇಕು. ಆಸಿಡ್ಡೂ ಯಾಮಾರಿಸುತ್ತದೆ: ಗುಳ್ಳೆಗಳಲ್ಲಿ ಕ್ಯಾಲ್ಸೈಟ್ ತುಂಬಿದ ಬಸಾಲ್ಟ್ ಅಲ್ಲಲ್ಲಿ ನೊರೆ ಬಿಡುತ್ತದೆ, ಸಿಲಿಕಾ ತುಂಬಿದ ಸುಣ್ಣದ ಕಲ್ಲು ನೊರೆ ಬಿಡಲು ಹಿಂದೆಮುಂದೆ ನೋಡುತ್ತದೆ. ಹಾಗಾಗಿ ಹೋಲಿಸಲು ನಮ್ಮದೇ ನೆಲದ ಕಲ್ಲುಗಳು ಬೇಕು. ಒಂದೊಂದರದೂ ಬಿಸಿಲುಮಳೆ ತಿಂದ ಮೈ ಒಂದು, ಒಡೆದ ಹೊಸ ಮೈ ಒಂದು, ಜೊತೆಗೆ ಸಿಕ್ಕ ಜಾಗದ ಜಿಪಿಎಸ್.

ಕನ್ನಡ ಸಂಘ ಇದನ್ನ ಮಾಡಬೇಕು ಅನ್ನೋದು ನನ್ನ ವಾದ. ಸಂಘಕ್ಕೂ ಕಲ್ಲಿಗೂ ಏನು ಸಂಬಂಧ ಅಂತ ಸೆಕ್ರೆಟರಿ ಕೇಳಿದರು. ರೈತರು, ಬಾವಿ ತೋಡುವವರು, ಖಡಿ ಮಷಿನ್ನಿನವರು ಈ ಕಲ್ಲುಗಳಿಗೆ ಕರೆಯುವ ಹೆಸರು ಯಾವ ಲ್ಯಾಬ್ ಮ್ಯಾನ್ಯುಯಲ್‌ನಲ್ಲೂ ಇಲ್ಲ, ಅದೇ ಸಂಬಂಧ. ಎಕ್ಸ್-ರೇ ಉಪಕರಣ, ಮೈಕ್ರೋಸ್ಕೋಪು ಇಲ್ಲದೆ ಖಚಿತ ಹೇಳಕ್ಕಾಗಲ್ಲ ಅಂತ ಒಬ್ಬ ಸೀನಿಯರ್ ಅಂದರು. ಯಾವ ಬೆಟ್ಟದ್ದು ಅಂತ ಹೇಳಲು ಅದು ಬೇಕು, ಒಪ್ಪಿದೆ. ಬಸಾಲ್ಟೋ ಚರ್ಟೋ ಅಂತ ಬೇರೆ ಮಾಡಲು ಹತ್ತು ಪಟ್ಟಿನ ಲೆನ್ಸು, ಹೋಲಿಸುವ ಕಲ್ಲು ಸಾಕು.

ಅವಸರ ಯಾಕೆ ಅಂದರೆ, ಇನ್ನು ಕೆಲವೇ ವರ್ಷದಲ್ಲಿ ಮುರುಮು ಎಲ್ಲಿಂದ ತೆಗೆಯಬೇಕು, ಹಳ್ಳದ ದಂಡೆ ಎಲ್ಲಿ ಸಮ ಮಾಡಬೇಕು ಅಂತ ಸಹಿ ಹಾಕುವವರು ನಾವೇ. ಜೆಸಿಬಿ ಮುಂದೆ ನಿಂತವನಿಗೆ ಕಲ್ಲು ಗೊತ್ತಿಲ್ಲದಿದ್ದರೆ ಇಸಾಂಪುರದಂಥದ್ದು ಒಂದೇ ದಿನದಲ್ಲಿ ರಸ್ತೆಯ ಕೆಳಗೆ ಹೋಗುತ್ತದೆ.

ಒಂದು ಷರತ್ತು: ಡಬ್ಬಿಗೆ ತರೋದು ಬರೀ ಕಲ್ಲು. ಉಪಕರಣ ಅನ್ನಿಸಿದ್ದನ್ನು ಎತ್ತಬೇಡಿ. ಪಕ್ಕದಲ್ಲಿ ಪೆನ್ನಿಟ್ಟು ಫೋಟೋ ತೆಗೆದು, ಜಾಗ ಗುರುತು ಮಾಡಿ ಪುರಾತತ್ವ ಇಲಾಖೆಗೆ ತಿಳಿಸಿ. ಗ್ರೂಪಿಗೆ ಹಾಕುವ ಮುಂಚೆ ಮನೆಯ ಹಿರಿಯರಿಗೊಮ್ಮೆ ತೋರಿಸಿ.

ಸದ್ಯ ನನ್ನ ರೂಮಿನ ಕಿಟಕಿಯಲ್ಲಿ ನಾಲ್ಕು ಇವೆ: ಬಸಾಲ್ಟ್, ಕ್ಯಾಲ್ಸೆಡನಿ, ಜಂಬಿಟ್ಟಿಗೆ, ಮತ್ತೆ ಆ ಟಿಪ್ಪರಿನ ಖಡಿ. ಶಹಾಬಾದ್, ಸೇಡಂ ಕಡೆಯವರು ಯಾರಾದರೂ ಈ ವಾರ ಊರಿಗೆ ಹೋಗುತ್ತಿದ್ದರೆ, ಪಾಲಿಶ್ ಮಾಡದ ಪರ್ಸಿ ಚೂರು ಒಂದು ತನ್ನಿ.