ನೂಹರ ಆಯುಷ್ಯವೂ ನಮ್ಮ ಮಕ್ಕಳ ಪ್ರಶ್ನೆಯೂ

ಮನುಷ್ಯನೊಬ್ಬ 950 ವರ್ಷ ಬದುಕಿರಲು ಸಾಧ್ಯವೇ? ಮಂಚೇನಹಳ್ಳಿಯಂತಹ ಊರಿನಲ್ಲೂ ಶಾಲೆಯಲ್ಲಿ ಜೀವಶಾಸ್ತ್ರವನ್ನೂ ಮದ್ರಸದಲ್ಲಿ ಪ್ರವಾದಿಗಳ ಚರಿತ್ರೆಯನ್ನೂ ಕಲಿಯುವ ಮಕ್ಕಳಲ್ಲಿ ಈ ಪ್ರಶ್ನೆ ಮೂಡುವುದು ಸಹಜ. ಅದನ್ನು ಗದರಿಸಿ ಅಡಗಿಸುವುದು ಧರ್ಮಸೇವೆಯಲ್ಲ.

ಪ್ರವಾದಿ ನೂಹ್(ಅ) ತಮ್ಮ ಜನಾಂಗದ ನಡುವೆ 950 ವರ್ಷ ಇದ್ದರೆಂದು ಪವಿತ್ರ ಕುರ್‌ಆನಿನ ಅಲ್ ಅನ್ಕಬೂತ್ ಅಧ್ಯಾಯ ತಿಳಿಸುತ್ತದೆ. ಬೈಬಲಿನ ಮೆತೂಷೆಲಹನಿಗೆ 969 ವರ್ಷ. ಪಂಪನ ‘ಆದಿಪುರಾಣ’ದ ನಾಯಕ ಆದಿನಾಥರಿಗೆ ಜೈನ ಪರಂಪರೆ ಹೇಳುವ ಆಯುಷ್ಯ 84 ಲಕ್ಷ ‘ಪೂರ್ವ’. ಒಂದು ಪೂರ್ವವೆಂದರೆ ಲಕ್ಷಾಂತರ ಕೋಟಿ ವರ್ಷ.

ಅಂದಿನ ವರ್ಷವೆಂದರೆ ತಿಂಗಳು ಎಂದು ಸಮಾಧಾನ ಹೇಳುವವರಿದ್ದಾರೆ. ಹಾಗಾದರೆ 65ನೇ ವಯಸ್ಸಿನಲ್ಲಿ ತಂದೆಯಾದ ಬೈಬಲಿನ ಹನೋಕನು ಆಗ ಐದೂವರೆ ವರ್ಷದ ಬಾಲಕನಾಗಿರಬೇಕು! ಇನ್ನು, ದಾಖಲೆಗಳಿಂದ ದೃಢಪಟ್ಟ ಅತಿ ದೀರ್ಘ ಆಯುಷ್ಯ 1997ರಲ್ಲಿ ನಿಧನರಾದ ಫ್ರಾನ್ಸಿನ ಜೀನ್ ಕಾಲ್ಮೆಂಟರ 122 ವರ್ಷ. ಆದುದರಿಂದ ವಿಜ್ಞಾನವೇ ನೂಹರ ಆಯುಷ್ಯವನ್ನು ಸಾಬೀತುಪಡಿಸಿದೆಯೆಂಬ ಹುಸಿ ವಾದ ಬೇಡ. ಅದು ವಿಶ್ವಾಸದ ವಿಷಯವೆಂದು ಮಕ್ಕಳಿಗೆ ಪ್ರಾಮಾಣಿಕವಾಗಿ ಹೇಳೋಣ.

ಅಷ್ಟು ದೀರ್ಘ ಕಾಲ ಉಪದೇಶಿಸಿದರೂ ನೂಹರೊಂದಿಗೆ ನಿಂತವರು ಕೆಲವರು ಮಾತ್ರ. ಮಕ್ಕಾದಲ್ಲಿ ಹಿಂಸೆಗೊಳಗಾಗಿದ್ದ ವಿಶ್ವಾಸಿಗಳಿಗೆ ಆ ಸಂಖ್ಯೆ ಸಹನೆಯ ಪಾಠವಾಗಿತ್ತು. ತಮ್ಮ ಸಮುದಾಯದ ಆಯುಷ್ಯ 60 ಮತ್ತು 70ರ ನಡುವೆ ಎಂದು ಪ್ರವಾದಿ(ಸ) ಹೇಳಿದ್ದನ್ನು ತಿರ್ಮಿದಿ ವರದಿ ಮಾಡಿದ್ದಾರೆ.

ಚಿಕ್ಕಬಳ್ಳಾಪುರ ಜಿಲ್ಲೆಯ ಮುದ್ದೇನಹಳ್ಳಿಯ ಸರ್ ಎಂ. ವಿಶ್ವೇಶ್ವರಯ್ಯನವರು 1962ರಲ್ಲಿ ನಿಧನರಾದಾಗ ನೂರು ದಾಟಿದ್ದರು. ನಾಡು ಅವರನ್ನು ನೆನೆಯುವುದು ಕನ್ನಂಬಾಡಿ ಕಟ್ಟೆಯಿಂದ. ನೂಹರ ವರ್ಷಗಳ ಲೆಕ್ಕ ಅಲ್ಲಾಹನ ಬಳಿಯಿದೆ. ನಮ್ಮ ವರ್ಷಗಳ ಲೆಕ್ಕವನ್ನು ನಾವೇ ಒಪ್ಪಿಸಬೇಕಾಗಿದೆ.