ಸೇರಿಸದೆ ಬಿಟ್ಟದ್ದು

ಬೆಂಗಳೂರಿನ ಕಂಪನಿ ಬಿಟ್ಟು ಕುಣಿಗಲ್‌ಗೆ ಬಂದು, ಕೆರೆ ಕಾಣುವ ಕೋಣೆಯಲ್ಲಿ ಕೂತು ಪ್ರೋಗ್ರಾಂ ಬರೆದರೆ ಬದುಕು ಸರಳವಾಗುತ್ತದೆ ಎಂದು ನಂಬಿದ ಹುಡುಗರು ನಮ್ಮಲ್ಲಿದ್ದಾರೆ. ದೂರ ಎಪ್ಪತ್ತು ಕಿಲೋಮೀಟರ್ ಆಸುಪಾಸು. 2017ರಿಂದ ರೈಲೂ ಇದೆ. ಆಸೆ ತಪ್ಪಲ್ಲ. ಆದರೆ ಸರಳತೆ ಬರುವುದು ಊರಿನಿಂದಲೋ, ಕೆಲಸ ಹಿಡಿಯುವ ರೀತಿಯಿಂದಲೋ?

ಕೆ.ಪಿ. ರಾವ್ ಅವರ ಕನ್ನಡ ಕೀಲಿಮಣೆಯನ್ನು ನೋಡಿ. ಗುಣಿತ, ಒತ್ತುಗಳನ್ನು ಸೇರಿಸಿದರೆ ಕನ್ನಡದ ಅಕ್ಷರರೂಪಗಳು ಸಾವಿರಾರು. ಇಂಗ್ಲಿಷ್ ಕೀಲಿಮಣೆಯಲ್ಲಿ ಅಕ್ಷರದ ಕೀಲಿಗಳು 26. ರಾವ್ ಹೊಸ ಕೀಲಿಗೆ ಕೈಹಾಕಲಿಲ್ಲ, ಲಿಪಿಯೊಳಗೇ ಇದ್ದ ಲೆಕ್ಕವನ್ನು ಹಿಡಿದರು. ವ್ಯಂಜನ ಒತ್ತಿದರೆ ಅಕಾರ ತಾನಾಗಿ ಕೂಡಿಕೊಳ್ಳುತ್ತದೆ. ಮಹಾಪ್ರಾಣಕ್ಕೆ ಶಿಫ್ಟ್. ಒತ್ತಕ್ಷರ ಬೇಕಾದರೆ ನಡುವೆ ಎಫ್. ಕೆ, ಎಫ್, ಕೆ ಒತ್ತಿದರೆ ‘ಕ್ಕ’. ‘ಕುಣಿಗಲ್’ ಎಂಬ ನಮ್ಮ ಊರಿನ ಹೆಸರಿಗೆ ಕೆ, ಯು, ಶಿಫ್ಟ್ ಹಿಡಿದು ಎನ್, ಐ, ಜಿ, ಎಲ್, ಎಫ್. ಇಂಗ್ಲಿಷಿನಲ್ಲಿ ಬರೆದರೂ ಏಳೇ ಅಕ್ಷರ! ಕಾಗುಣಿತ ಬಲ್ಲವರು ಹೊಸದಾಗಿ ಕಲಿಯಬೇಕಾದದ್ದು ಕಡಿಮೆ. ತಂತ್ರಾಂಶಕ್ಕೆ ವಿದ್ವಾಂಸ ಸೇಡಿಯಾಪು ಕೃಷ್ಣಭಟ್ಟರ ಹೆಸರಿಟ್ಟು ಉಚಿತವಾಗಿ ಕೊಟ್ಟರು. ಮುಂದೆ ಸರ್ಕಾರ ಒಪ್ಪಿದ ‘ನುಡಿ’ ತಂತ್ರಾಂಶದ ಕೀಲಿ ವಿನ್ಯಾಸ ಹೆಚ್ಚುಕಡಿಮೆ ಇದೇ.

ಇದನ್ನು ಮಾಡಿದವರು ಹಳ್ಳಿ ಸೇರಿಕೊಂಡ ಸಂನ್ಯಾಸಿಯಲ್ಲ. ಮಂಗಳೂರು ಸಮೀಪದ ಕಿನ್ನಿಕಂಬಳದ ರಾವ್ ಮುಂಬೈಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ, ಮುದ್ರಣ ತಂತ್ರಜ್ಞಾನದ ಕಂಪನಿಯಲ್ಲಿ ದುಡಿದವರು. ಊರು, ಹುದ್ದೆ ಬದಲಾದರೂ ಲಿಪಿಯ ಗೀಳು ಬಿಡಲಿಲ್ಲ. ಸಾವಿರಾರು ರೂಪಗಳ ಹಿಂದೆ ನಾಲ್ಕಾರು ನಿಯಮಗಳಿವೆ ಎಂದು ಕಾಣಬೇಕಾದರೆ ಅಷ್ಟು ದಿನ ಒಂದನ್ನೇ ನೋಡುತ್ತಿರಬೇಕು.

ಅಮೆರಿಕದ ಗಣಕವಿಜ್ಞಾನಿ ಡೊನಾಲ್ಡ್ ಕ್ನೂತ್ ಅವರದೂ ಅಕ್ಷರದ ಹಟವೇ. ತಮ್ಮ ಪುಸ್ತಕದ ಅಚ್ಚು ಹಿಡಿಸದೆ 1977ರಲ್ಲಿ ‘ಟೆಕ್’ ಎಂಬ ಅಕ್ಷರಜೋಡಣೆಯ ತಂತ್ರಾಂಶ ಬರೆಯತೊಡಗಿದರು. ಒಂದು ಹಂತದ ನಂತರ ಅದಕ್ಕೆ ಹೊಸದೇನೂ ಸೇರದು, ದೋಷ ಮಾತ್ರ ತಿದ್ದುತ್ತೇನೆ ಎಂದು ನಿಂತರು. 1990ರ ಜನವರಿಯಿಂದ ಇಮೇಲನ್ನೂ ಬಿಟ್ಟರು. ಬಂದ ಪತ್ರಗಳನ್ನು ವಿಂಗಡಿಸಲು ಕಾರ್ಯದರ್ಶಿ ಇದ್ದರು ಎನ್ನುವುದನ್ನು ಅವರ ಅಭಿಮಾನಿಗಳು ಅಷ್ಟಾಗಿ ಹೇಳುವುದಿಲ್ಲ.

ನಮ್ಮ ಹುಡುಗರಿಗೆ ಕಾರ್ಯದರ್ಶಿ ಎಲ್ಲಿಂದ ಬರಬೇಕು, ಇರುವುದು ಸಾಲದ ಕಂತು. ಸಂಬಳವಿಲ್ಲದ ಏಕಾಗ್ರತೆಗೆ ಆಯುಸ್ಸು ಕಡಿಮೆ. ಹಾಗಾಗಿ ನೌಕರಿ ಬಿಡಿ ಎನ್ನಲು ನನಗೆ ಬಾಯಿ ಬಾರದು. ಒಟ್ಟಿಗೆ ಹಿಡಿದ ನಾಲ್ಕು ಕೆಲಸಗಳಲ್ಲಿ ಮೂರನ್ನು ಬಿಡಿ ಎನ್ನಬಲ್ಲೆ. ಈಗಂತೂ ಕೇಳಿದಷ್ಟು ಕೋಡ್ ಯಂತ್ರವೇ ಬರೆದುಕೊಡುತ್ತದೆ. ಅದರಲ್ಲಿ ಯಾವುದು ಬೇಡ ಎಂದು ಹೇಳಲು ಮಾತ್ರ ಸಮಸ್ಯೆಯ ಜೊತೆ ಬಹಳ ಕಾಲ ಬದುಕಿದವರೇ ಬೇಕು. ಅಂಥ ಬಾಳ್ವೆ ರೈಲಿನಲ್ಲಿ ದಿನವೂ ಓಡಾಡುವವನಿಗೂ ಸಾಧ್ಯ. ಕೆರೆ ಕಾಣುವ ಕೋಣೆಯಲ್ಲಿ ಕೂತು ಮೊಬೈಲ್ ಉಜ್ಜುವವನಿಗೆ ಕಷ್ಟ.