ಚಪ್ಪಾಳೆಯಿಂದ ನೀಗದ ದಣಿವು

ಫ್ಲಾರೆನ್ಸ್ ನೈಟಿಂಗೇಲ್ ಜನಿಸಿ 200 ವರ್ಷಗಳು ತುಂಬಿದ ನೆನಪಿಗಾಗಿ ವಿಶ್ವ ಆರೋಗ್ಯ ಸಂಸ್ಥೆಯು 2020ನ್ನು ದಾದಿಯರ ಮತ್ತು ಸೂಲಗಿತ್ತಿಯರ ವರ್ಷವೆಂದು ಸಾರಿತ್ತು. ಅದೇ ವರ್ಷ ಕೋವಿಡ್ ಮಹಾಮಾರಿಯು ಜಗತ್ತಿನ ಮೇಲೆರಗಿತು. ಮಾರ್ಚ್ 22ರ ಸಂಜೆ ನಮ್ಮ ದೇಶವು ಚಪ್ಪಾಳೆ ತಟ್ಟಿ, ತಟ್ಟೆ ಬಡಿದು ವೈದ್ಯಕೀಯ ಸಿಬ್ಬಂದಿಗೆ ವಂದಿಸಿತು. ಸರಿಯಾಗಿ ಒಂದು ತಿಂಗಳ ಬಳಿಕ, ಏಪ್ರಿಲ್ 22ರಂದು, ಅದೇ ಸಿಬ್ಬಂದಿಯನ್ನು ಹಲ್ಲೆಯಿಂದ ಕಾಪಾಡಲು ಕೇಂದ್ರ ಸರ್ಕಾರವು ಸುಗ್ರೀವಾಜ್ಞೆಯನ್ನೇ ಹೊರಡಿಸಬೇಕಾಯಿತು. ದಾದಿಯರ ಬಳಲಿಕೆಯ ಕಾರಣಗಳನ್ನು ಅರಸುವವರು ಈ ವೈಪರೀತ್ಯದಿಂದಲೇ ತೊಡಗಬೇಕು.

ಬರ್ನ್‌ಔಟ್ ಎಂಬ ಪದವು ಈಗ ಎಲ್ಲರ ಬಾಯಲ್ಲೂ ಇದೆ. ಮೈ ಮನಗಳ ಶಕ್ತಿ ಬತ್ತುವುದು, ಮಾಡುವ ಕೆಲಸದ ಬಗ್ಗೆ ವಿಮುಖತೆ ಮೂಡುವುದು, ತನ್ನಿಂದ ಏನೂ ಆಗದೆಂಬ ಭಾವ ಬೇರೂರುವುದು, ಇವು ಅದರ ಲಕ್ಷಣಗಳು. ಕೆಲಸದ ಸ್ಥಳದಲ್ಲಿ ಪರಿಹಾರವಿಲ್ಲದೆ ಮುಂದುವರಿದ ಒತ್ತಡದ ಫಲವಿದು ಎಂದು ವಿಶ್ವ ಆರೋಗ್ಯ ಸಂಸ್ಥೆಯು 2019ರಲ್ಲಿ ಸ್ಪಷ್ಟಪಡಿಸಿದೆ. ಆದುದರಿಂದ ಇದನ್ನು ದಾದಿಯ ಮನೋದೌರ್ಬಲ್ಯವೆಂದು ಬಗೆಯುವುದು ತರವಲ್ಲ.

ಮೊದಲ ಕಾರಣ ಸಂಖ್ಯೆಯ ಕೊರತೆ. ಜಗತ್ತಿಗೆ 59 ಲಕ್ಷ ದಾದಿಯರು ಸಾಲದೆಂದು ಅದೇ ಸಂಸ್ಥೆಯ 2020ರ ವರದಿ ತಿಳಿಸಿತ್ತು. ರೋಗಿಗಳ ಪ್ರವಾಹ ಬಂದಾಗ ಹಾಸಿಗೆಗಳನ್ನು ಹೆಚ್ಚಿಸಲಾಯಿತು. ಅವುಗಳ ಬಳಿ ನಿಲ್ಲುವ ಅನುಭವಿ ಕೈಗಳನ್ನು ಹಾಗೆ ಹೆಚ್ಚಿಸಲಾಗಲಿಲ್ಲ. ಪಿಪಿಇ ಕಿಟ್ ಧರಿಸಿದವರು ಗಂಟೆಗಟ್ಟಲೆ ನೀರು ಕುಡಿಯುವಂತಿರಲಿಲ್ಲ, ಶೌಚಾಲಯಕ್ಕೆ ಹೋಗುವಂತಿರಲಿಲ್ಲ.

ದೇಹದ ದಣಿವಿಗಿಂತ ಘೋರವಾದುದು ಅಂತಃಕರಣದ ಗಾಯ. ಬಂಧುಗಳಿಗೆ ಪ್ರವೇಶವಿಲ್ಲದ ವಾರ್ಡುಗಳಲ್ಲಿ ಸಾಯುವವರ ಕೈ ಹಿಡಿದವರು ದಾದಿಯರೇ. 2021ರ ಮೇ ತಿಂಗಳ ಆರಂಭದಲ್ಲಿ, ಆಮ್ಲಜನಕದ ಅಭಾವದ ನಡುವೆ, ಚಾಮರಾಜನಗರದ ಜಿಲ್ಲಾಸ್ಪತ್ರೆಯಲ್ಲಿ 24 ರೋಗಿಗಳು ಅಸುನೀಗಿದರು. ಮಾಡಬೇಕಾದುದು ಏನೆಂದು ತಿಳಿದಿದ್ದೂ ಅದಕ್ಕೆ ಬೇಕಾದ ಸಾಧನವಿಲ್ಲದೆ ನಿಲ್ಲಬೇಕಾದಾಗ ಉಂಟಾಗುವ ಸಂಕಟವನ್ನು ಒಂದು ದಿನದ ರಜೆ ತೊಡೆಯಲಾರದು.

ಇನ್ನು ವೇತನ. ಯಾವ ಖಾಸಗಿ ಆಸ್ಪತ್ರೆಯೂ ದಾದಿಗೆ ತಿಂಗಳಿಗೆ 20,000 ರೂಪಾಯಿಗಿಂತ ಕಡಿಮೆ ನೀಡಬಾರದೆಂದು ಕೇಂದ್ರದ ತಜ್ಞ ಸಮಿತಿಯು 2016ರಲ್ಲೇ ಶಿಫಾರಸು ಮಾಡಿತ್ತು. ಅದು ಎಲ್ಲೆಡೆ ಜಾರಿಗೆ ಬರುವ ಮುನ್ನವೇ ಮಹಾಮಾರಿ ಬಂತು. 2020ರ ಮೇ ತಿಂಗಳಲ್ಲಿ ಕೋಲ್ಕತ್ತಾದ ಖಾಸಗಿ ಆಸ್ಪತ್ರೆಗಳನ್ನು ತೊರೆದು ನೂರಾರು ದಾದಿಯರು ಮಣಿಪುರ ಮುಂತಾದ ತಮ್ಮ ರಾಜ್ಯಗಳಿಗೆ ಹೊರಟುಹೋದಾಗ ದೇಶ ಬೆಚ್ಚಿತು.

ದಾದಿಯಿಲ್ಲದ ಕುಟುಂಬಗಳು ನಮ್ಮ ಸಮುದಾಯದಲ್ಲಿ ವಿರಳ. ಸಾಲ ಮಾಡಿ ಹೆಣ್ಣುಮಕ್ಕಳನ್ನು ನರ್ಸಿಂಗ್ ಓದಿಸುತ್ತೇವೆ. ಅವರು ಕೊಲ್ಲಿ ರಾಷ್ಟ್ರಗಳಿಂದ ಕಳುಹಿಸುವ ಹಣದಿಂದ ಮನೆ ಕಟ್ಟುತ್ತೇವೆ. ಅವರ ವೃತ್ತಿಯನ್ನು ಸೇವೆಯೆಂದು ಕೊಂಡಾಡುತ್ತೇವೆ. ಸೇವೆಯೆಂಬುದು ಪವಿತ್ರವಾದ ಮಾತು, ನಿಜ. ಆದರೆ ಅದು ದಾದಿಯು ತಾನಾಗಿ ನೀಡುವ ಕಾಣಿಕೆಯೇ ಹೊರತು ಆಸ್ಪತ್ರೆಯು ಸಂಬಳದಿಂದ ಕಳೆಯಬಹುದಾದ ಬಾಬ್ತಲ್ಲ. 1891ರ 'ರೇರುಂ ನೊವಾರುಂ' ವಿಶ್ವಪತ್ರದಲ್ಲಿ ಕಾರ್ಮಿಕನ ನ್ಯಾಯವಾದ ಕೂಲಿಯನ್ನು ಎತ್ತಿಹಿಡಿದ ಧರ್ಮಸಭೆಯ ಆಸ್ಪತ್ರೆಗಳು ಈ ವಿಷಯದಲ್ಲಿ ಇತರರಿಗೆ ಮಾದರಿಯಾಗಬೇಕು.

ಮನೆಯವರ ಹೊಣೆಯೂ ಕಿರಿದಲ್ಲ. ರಾತ್ರಿ ಪಾಳಿ ಮುಗಿಸಿ ಬಂದ ಮಗಳಿಗೋ ಸೊಸೆಗೋ ಅಡುಗೆಮನೆಯ ಎರಡನೇ ಪಾಳಿ ಕಾದಿರಬಾರದು. "ನನ್ನಿಂದ ಇನ್ನಾಗದು" ಎಂದು ಆಕೆ ನುಡಿದರೆ ಅದನ್ನು ಅವಿಶ್ವಾಸವೆಂದೋ ಸೋಮಾರಿತನವೆಂದೋ ಎಣಿಸದೆ ಕಿವಿಗೊಡೋಣ. ಇತರರನ್ನು ಶುಶ್ರೂಷೆ ಮಾಡುವವರಿಗೂ ಶುಶ್ರೂಷೆ ಬೇಕು.